ಹೊಸ ಕೋವಿಯ ಗ್ರೀಸು: ಮೊದಲ ಗುಂಡಿಗೆ ಮುನ್ನ ಏನು ಒರೆಸಬೇಕು, ಏನು ಮುಟ್ಟಬಾರದು

ಪ್ರಶ್ನೆ: ಮೊನ್ನೆ ಹೊಸ .315 ರೈಫಲ್ ಕೊಂಡೆ. ಪೆಟ್ಟಿಗೆ ತೆರೆದರೆ ಮೈತುಂಬ ಕಂದು ಬಣ್ಣದ ಗ್ರೀಸು. ಬೋಲ್ಟ್ (ತೋಟಾದ ಹಿಂದೆ ಬಂದು ಮುಚ್ಚುವ ಉಕ್ಕಿನ ಸರಳು) ಎಳೆದರೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. "ಎರಡು ಗುಂಡು ಹೊಡಿ, ತಾನಾಗಿಯೇ ಹೋಗುತ್ತದೆ" ಅನ್ನುತ್ತಾರೆ ನಮ್ಮ ಮಾವ. ಗೆಳೆಯನೊಬ್ಬ ಪೆಟ್ರೋಲ್‌ನಲ್ಲಿ ತೊಳೆದುಬಿಡು ಅನ್ನುತ್ತಾನೆ. ಕೈಲ್‌ಪೊಳ್ದ್‌ ಹಬ್ಬದ (ಕೊಡವರ ಆಯುಧಪೂಜೆ) ದಿನ ಪೂಜೆಗೆ ಇಟ್ಟು, ಆಮೇಲೆ ಸ್ಪರ್ಧೆಯಲ್ಲಿ ತೆಂಗಿನಕಾಯಿಗೆ ಗುರಿ ಇಡಬೇಕೆಂಬ ಆಸೆ. ಹೇಗೆ ಶುಚಿ ಮಾಡಲಿ?
– ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಓದುಗರು

ಉತ್ತರ: ನಿಮ್ಮ ಮಾವನವರ ಮಾತನ್ನೂ ಕೇಳಬೇಡಿ, ಗೆಳೆಯನ ಮಾತನ್ನೂ ಕೇಳಬೇಡಿ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ, ಸಾಕು.

ಆ ಗ್ರೀಸನ್ನು ಬಳಿದಿರುವುದು ಗುಂಡು ಹೊಡೆಯುವುದಕ್ಕಲ್ಲ, ಗೋದಾಮಿಗೆ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಿಂದ ಹೊರಟ ಕೋವಿ ಲಾರಿ, ಗೋದಾಮು, ಅಂಗಡಿ ಎಲ್ಲ ದಾಟಿ ನಿಮ್ಮ ಮನೆಗೆ ಬರುವಷ್ಟರಲ್ಲಿ ತಿಂಗಳುಗಳೇ ಆಗಬಹುದು, ವರ್ಷವೂ ಆಗಬಹುದು. ಅಷ್ಟು ದಿನ ತುಕ್ಕು ಹತ್ತಬಾರದೆಂದು ದಪ್ಪಗೆ ಬಳಿದಿರುತ್ತಾರೆ. ಉಪ್ಪಿನಕಾಯಿ ಜಾಡಿಯ ಮೇಲೆ ಎಣ್ಣೆ ನಿಲ್ಲಿಸಿದ ಹಾಗೆ. ಅದರಡಿ ಇನ್ನೂ ಏನೇನೋ ಇರುತ್ತದೆ: ಕಾರ್ಖಾನೆಯಲ್ಲಿ ಪರೀಕ್ಷೆಗೆ ಹೊಡೆದ ಗುಂಡಿನ ಮಸಿ, ಕೊರೆದಾಗ ಉಳಿದ ಕಬ್ಬಿಣದ ಸಣ್ಣ ಚೂರು, ರಟ್ಟಿನ ನಾರು, ದಾರಿಯ ಧೂಳು. ಹೊಸ ಕೋವಿ ಅಂದರೆ ಶುಚಿಯಾದ ಕೋವಿ ಅಂತಲ್ಲ.

ಹಾಗೇ ಹೊಡೆದರೆ ಏನಾಗುತ್ತದೆ? ಹತ್ತರಲ್ಲಿ ಎಂಟು ಸಲ ಹೊಗೆ ಬಂದು, ಮೊದಲ ಗುಂಡು ಎಲ್ಲೋ ಹೋಗಿ, ಅಷ್ಟಕ್ಕೇ ಮುಗಿಯಬಹುದು. ಮಾವನವರು ಕಂಡಿರುವುದು ಅದನ್ನೇ. ಮಿಕ್ಕ ಎರಡರ ಬಗ್ಗೆ ನನಗೆ ಚಿಂತೆ.

ತೋಟಾ ಕೂರುವ ಜಾಗಕ್ಕೆ ಚೇಂಬರ್ ಅನ್ನುತ್ತೇವಲ್ಲ, ಮುಖ್ಯ ಸಂಗತಿ ಅಲ್ಲಿದೆ. ಮದ್ದು ಹೊತ್ತಿಕೊಂಡ ಕ್ಷಣ ಹಿತ್ತಾಳೆಯ ತೋಟಾ ಉಬ್ಬಿ ಚೇಂಬರಿನ ಗೋಡೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಿಂದಕ್ಕೆ ಒದೆಯುವ ಬಲದಲ್ಲಿ ಒಂದು ಪಾಲನ್ನು ಆ ಹಿಡಿತವೇ ತಡೆಯುತ್ತದೆ. ಗೋಡೆಗೆ ಗ್ರೀಸು ಮೆತ್ತಿದ್ದರೆ ತೋಟಾ ಹಿಡಿದುಕೊಳ್ಳುವ ಬದಲು ಜಾರುತ್ತದೆ, ಪೂರ್ತಿ ಒದೆತ ಬೋಲ್ಟಿನ ಮುಖಕ್ಕೆ ಬೀಳುತ್ತದೆ. ನಿಮ್ಮ .315ರ ಬೋಲ್ಟ್ ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ವಂಶದ್ದು. ಅದನ್ನು ತಡೆದು ಹಿಡಿಯುವ ಉಬ್ಬುಗಳಾದ ಲಗ್‌ಗಳು ಮೌಸರ್ ಮಾದರಿಯಲ್ಲಿ ಇರುವಂತೆ ಬೋಲ್ಟಿನ ಮೂತಿಯ ಹತ್ತಿರ ಇಲ್ಲ, ಹಿಂಬದಿಯಲ್ಲಿವೆ. ಬಲ ಬಿದ್ದಾಗ ಉದ್ದಕ್ಕೂ ಬೋಲ್ಟ್ ಸ್ವಲ್ಪ ಅದುಮಿಕೊಳ್ಳುತ್ತದೆ. ಲೀ-ಎನ್‌ಫೀಲ್ಡ್‌ನಲ್ಲಿ ಮಳೆಯಲ್ಲಿ ನೆನೆದ ತೋಟಾ ಹಾಕಿ ಹೊಡೆದರೆ ಗುಂಡು ಮೇಲಕ್ಕೆ ಹೋಗುತ್ತದೆ ಎಂಬುದು ಗುರಿಕಾರರಿಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ಬರೀ ನೀರಿಗೇ ಹಾಗಾದರೆ ಗ್ರೀಸಿಗೆ ಕೇಳಬೇಕೆ? ಒಂದೆರಡು ಗುಂಡಿಗೆ ಕೋವಿ ಒಡೆದುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಕೊಡಬಾರದ ಪೆಟ್ಟು ಕೊಡುತ್ತೀರಿ.

ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಇದ್ದರೆ ಗುರಿ ತಪ್ಪುತ್ತದೆ, ಅಷ್ಟೆ. ಗ್ರೀಸಿನ ಮುದ್ದೆ ಇದ್ದರೆ ಮಾತೇ ಬೇರೆ. ಹಾರುವ ಗುಂಡಿಗೆ ಅದೊಂದು ಅಡ್ಡಗೋಡೆ. ಒತ್ತಡ ಏರಿ ಆ ಜಾಗದಲ್ಲಿ ನಳಿಗೆ ಉಬ್ಬುತ್ತದೆ, ಇಲಿ ನುಂಗಿದ ಹಾವಿನ ಹಾಗೆ. ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಒಡೆದರೆ ಎಡಗೈ ಇರುವುದು ಅಲ್ಲೇ.

ಮೂರನೆಯದು ಬೋಲ್ಟಿನೊಳಗಿನ ಸೂಜಿ, ತೋಟಾದ ಬುಡಕ್ಕೆ ಬಡಿಯುವುದು. ಅದರ ಸುತ್ತ ಗ್ರೀಸು ಗಟ್ಟಿಯಾಗಿದ್ದರೆ ಪೆಟ್ಟು ನಿಧಾನವಾಗುತ್ತದೆ. ಸೈನ್ಯದಲ್ಲಿ ಆರ್ಮರರ್ (ಕೋವಿ ರಿಪೇರಿ ಮಾಡುವವ) ಆಗಿದ್ದಾಗ ಬೆಟ್ಟದ ಚಳಿಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. 'ಕಟಕ್' ಅನ್ನುತ್ತದೆ, ಗುಂಡು ಹಾರುವುದಿಲ್ಲ. ಹೊಸಬ ತಕ್ಷಣ ಬೋಲ್ಟ್ ಎಳೆಯಲು ಹೋಗುತ್ತಾನೆ. ತಡವಾಗಿ ಹೊತ್ತಿಕೊಳ್ಳುವ ತೋಟಾಗಳೂ ಇವೆ. ಅದಕ್ಕೇ, ನಿಮಗೂ ಹಾಗಾದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ಆಮೇಲೆ ಮುಖ ಪಕ್ಕಕ್ಕಿಟ್ಟು ಬೋಲ್ಟ್ ತೆಗೆಯಿರಿ.

ಇನ್ನು ಕೆಲಸಕ್ಕೆ ಬರೋಣ. ಕೋವಿಗೂ ತೋಟಾಗೂ ಒಂದೇ ಕೋಣೆ ಬೇಡ. ತೋಟಾ ಪೆಟ್ಟಿಗೆ ಒಳಗಿನ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಕೊಂಡೇ ಇರಲಿ. ಅಂಗಡಿಯಿಂದ ಆಗತಾನೇ ಬಂದ ಕೋವಿಯಾದರೂ ಸರಿ, ಮೂತಿಯನ್ನು ಜನವಿಲ್ಲದ ಕಡೆಗಿಟ್ಟು, ಬೋಲ್ಟ್ ತೆರೆದು, ಚೇಂಬರಿಗೆ ಕಣ್ಣು ಹಾಕಿ, ಕಿರುಬೆರಳೂ ಹಾಕಿ ನೋಡಿ. ಗ್ರೀಸು ಮುಚ್ಚಿದ್ದರೆ ಕಣ್ಣು ಮೋಸಹೋಗುತ್ತದೆ, ಬೆರಳು ಹೋಗುವುದಿಲ್ಲ. ಮನೆಯ ಹೊರಗಿನ ಜಗಲಿ ಈ ಕೆಲಸಕ್ಕೆ ಸರಿಯಾದ ಜಾಗ. ಸೀಮೆಎಣ್ಣೆ ಬಳಸುತ್ತೀರಿ, ಗಾಳಿ ಆಡಬೇಕು. ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ. ಪೆಟ್ರೋಲ್ ಬೇಡ ಅನ್ನುವುದೂ ಇದಕ್ಕೇ. ಅದರ ಆವಿ ನೆಲಕ್ಕಿಳಿದು ಹರಿದು ಎಲ್ಲೋ ಇರುವ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಅದು ಕೋವಿಯ ಮರದ ಮೆರುಗನ್ನೂ ತಿನ್ನುತ್ತದೆ.

ಸಾಮಾನು ಹೆಚ್ಚು ಬೇಡ. ಒಂದೇ ತುಂಡಿನ ಉದ್ದ ರಾಡ್, ಹಿತ್ತಾಳೆಯದು ಅಥವಾ ಪ್ಲಾಸ್ಟಿಕ್ ಹೊದಿಕೆ ಇರುವುದು. ಅದರ ತುದಿಗೆ ಬಟ್ಟೆ ಹಿಡಿಯುವ ಜಾಗ್. ನಿಮ್ಮ .315ರ, ಅಂದರೆ 8 ಮಿಲಿಮೀಟರಿನ, ನಳಿಗೆಗೆ ಸರಿಹೊಂದುವ ಕಂಚಿನ ಬ್ರಷ್. ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಅರ್ಧ ಲೀಟರ್ ಸೀಮೆಎಣ್ಣೆ ಅಥವಾ ಟರ್ಪೆಂಟೈನ್, ಸಣ್ಣ ಬಾಟಲಿ ಗನ್ ಆಯಿಲ್, ಒಂದು ಟಾರ್ಚು. ಇನ್ನು ಚಿಂದಿ. ಸೈನ್ಯದಲ್ಲೂ ಎನ್‌ಸಿಸಿಯಲ್ಲೂ ಇದ್ದವರಿಗೆ ಈ ಪದ ಕೇಳಿದರೆ ಕಲಿಸಿದ ಉಸ್ತಾದರ ಧ್ವನಿಯೇ ಕಿವಿಗೆ ಬರುತ್ತದೆ: ಒರೆಸಲು ನಾಲ್ಕಿಂಚು ಉದ್ದ ಎರಡಿಂಚು ಅಗಲ, ಎಣ್ಣೆ ಹಚ್ಚಲು ನಾಲ್ಕಕ್ಕೆ ಒಂದೂವರೆ. ಎಣ್ಣೆಯ ಚಿಂದಿ ಯಾಕೆ ಚಿಕ್ಕದು ಅಂದರೆ, ಅದು ಬಿಗಿಯಾಗಿ ಹೋದರೆ ಹಚ್ಚಿದ ಎಣ್ಣೆಯನ್ನು ತಾನೇ ಒರೆಸಿಕೊಂಡು ಬಂದುಬಿಡುತ್ತದೆ. ಹಳೆಯ ಬನಿಯನ್ನು, ಮೆತ್ತಗಾದ ಲುಂಗಿ ಒಳ್ಳೆಯ ಚಿಂದಿ ಆಗುತ್ತವೆ. ನೈಲಾನ್, ಪಾಲಿಯೆಸ್ಟರ್ ಎಣ್ಣೆ ಹೀರುವುದಿಲ್ಲ.

ಬೋಲ್ಟನ್ನು ಹಿಂದಕ್ಕೆ ಪೂರ್ತಿ ಎಳೆಯಿರಿ. ಅದರ ಮೂತಿಯ ತುಂಡನ್ನು ಬೆರಳಿನಿಂದ ಮೇಲಕ್ಕೆ ಎತ್ತಿ ತಿರುಗಿಸಿದರೆ ತಡೆಯಿಂದ ಬಿಡಿಸಿಕೊಂಡು ಬೋಲ್ಟ್ ಹಿಂದಕ್ಕೆ ಹೊರಬರುತ್ತದೆ. ಬಲ ಹಾಕಿ ಎಳೆಯಬೇಡಿ. ಬರದಿದ್ದರೆ ಜೊತೆಗೆ ಬಂದ ಪುಸ್ತಿಕೆಯ ಚಿತ್ರ ನೋಡಿ. ಟ್ರಿಗರ್ ಗಾರ್ಡಿನೊಳಗಿನ ಕೊಂಡಿ ಒತ್ತಿದರೆ ಮ್ಯಾಗಜೀನ್ ಕೆಳಗೆ ಬರುತ್ತದೆ.

ಬಿಚ್ಚುವ ಕೆಲಸ ಇಲ್ಲಿಗೆ ಮುಗಿಯಿತು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಅಡುಗೆಮನೆಯ ಡಬ್ಬದಲ್ಲಿ ಇಟ್ಟು ಬನ್ನಿ. ನನ್ನ ಬಳಿ ರಿಪೇರಿಗೆ ಬಂದ ಹೊಸ ಕೋವಿಗಳಲ್ಲಿ ಗುಂಡಿನಿಂದ ಕೆಟ್ಟವು ಕಡಿಮೆ, ಮಾಲೀಕರ ಕುತೂಹಲದಿಂದ ಕೆಟ್ಟವೇ ಹೆಚ್ಚು. ನಳಿಗೆಯ ಕೆಳಗಿನ ಮರ ಲೋಹಕ್ಕೆ ಎಲ್ಲಿ ತಾಗಬೇಕೋ ಅಲ್ಲಿ ಮಾತ್ರ ತಾಗಿ ಕೂತಿರುತ್ತದೆ. ಈ ವಂಶದ ಕೋವಿಯಲ್ಲಿ ಗುರಿಯ ಗುಟ್ಟು ಅರ್ಧ ಅಲ್ಲೇ ಇದೆ. ಒಮ್ಮೆ ಬಿಚ್ಚಿ ಹಾಕಿದರೆ ಅದು ಹಾಗೇ ಕೂರುವುದಿಲ್ಲ. ಬೋಲ್ಟಿನ ಮೂತಿಯ ತುಂಡು ತಿರುಪಿನಲ್ಲಿ ಕೂತಿರುತ್ತದೆ, ಕೈಗೆ ಸಡಿಲವಾಗಿ ಸಿಗುವಂತೆಯೇ ಇರುತ್ತದೆ. ನೆಂಟರ ಕೋವಿಯದೂ ಜೊತೆಗೆ ಒರೆಸಲು ಕೂತು ಎರಡನ್ನೂ ಅದಲುಬದಲು ಮಾಡಿಕೊಂಡರೆ ಬೋಲ್ಟಿಗೂ ತೋಟಾಕ್ಕೂ ನಡುವೆ ಇರಬೇಕಾದ ಕೂದಲೆಳೆಯ ಅಳತೆ ತಪ್ಪುತ್ತದೆ. ಬೋಲ್ಟಿನ ಮೇಲಿನ ನಂಬರೂ ಕೋವಿಯ ಮೇಲಿನ ನಂಬರೂ ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಕಾಗದಪತ್ರದಲ್ಲಿರುವ ನಂಬರಿನ ಜೊತೆಗೂ ತಾಳೆ ನೋಡಿ. ಬೇರೆ ಇದ್ದರೆ ಒರೆಸುವುದನ್ನೇ ಬಿಟ್ಟು ಅಂಗಡಿಗೆ ಹೊರಡಿ.

ಹೊರಮೈಯ ದಪ್ಪ ಗ್ರೀಸನ್ನು ಮೊದಲು ಒಣ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಮಳೆಗಾಲದ ನಮ್ಮ ಚಳಿಗೆ ಅದು ಮೇಣದಂತೆ ಆಗಿರುತ್ತದೆ. ಬಿಸಿಲು ಬಂದರೆ ಒಂದರ್ಧ ಗಂಟೆ ಕಣ್ಣೆದುರಿಗೇ ಇಟ್ಟುಕೊಂಡು ಕಾಯಿಸಿದರೆ ಸಡಿಲವಾಗುತ್ತದೆ. ಬಿಸಿಲಿಲ್ಲದಿದ್ದರೆ ತಲೆಗೂದಲು ಒಣಗಿಸುವ ಡ್ರೈಯರ್ ಆದೀತು. ಒಲೆಯ ಮೇಲೆ ಹಿಡಿಯುವ ಬುದ್ಧಿವಂತಿಕೆ ಬೇಡ. ಉಳಿದ ಅಂಟನ್ನು ಸೀಮೆಎಣ್ಣೆ ತೋಯಿಸಿದ ಬಟ್ಟೆ ತೆಗೆಯುತ್ತದೆ. ಅದು ಲೋಹಕ್ಕೆ ಮಾತ್ರ, ಮರಕ್ಕೆ ಸೋಕದಿರಲಿ. ಮೂಲೆಸಂದುಗಳಿಗೆ ಹಲ್ಲಿನ ಬ್ರಷ್.

ಚೇಂಬರನ್ನು ನಳಿಗೆಗಿಂತ ಮೊದಲು ಒರೆಸಿ. ಇಲ್ಲದಿದ್ದರೆ ರಾಡ್ ತಳ್ಳಿದಾಗ ಅಲ್ಲಿನ ಗ್ರೀಸೆಲ್ಲ ಮುದ್ದೆಯಾಗಿ ನಳಿಗೆಯೊಳಗೆ ಹೋಗುತ್ತದೆ. ಒಂದು ಕಡ್ಡಿಗೆ ದಪ್ಪ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಒಳಗಿಟ್ಟು ತಿರುಗಿಸಿ. ಆಮೇಲೆ ಒಣ ಬಟ್ಟೆ. ಬಟ್ಟೆ ಬಿಳಿಯಾಗಿ ಬರುವವರೆಗೂ ಬಿಡಬೇಡಿ. ಇಡೀ ಕೋವಿಯಲ್ಲಿ ನಾನು ಹಟ ಹಿಡಿಯುವುದು ಇದೊಂದು ಜಾಗಕ್ಕೆ.

ನಳಿಗೆಗೆ ಯಾವಾಗಲೂ ಹಿಂದಿನಿಂದ ಮುಂದಕ್ಕೆ. ಬೋಲ್ಟ್ ಹೊರಬರುವ ಕೋವಿಯ ಸೌಭಾಗ್ಯ ಅದು, ಬಳಸಿಕೊಳ್ಳಿ. ಮೂತಿಯಲ್ಲಿ ನಳಿಗೆ ಮುಗಿಯುವ ಅಂಚು ಇದೆಯಲ್ಲ, ಗುಂಡು ಕೋವಿಯನ್ನು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು. ಅಲ್ಲಿ ಒಂದು ಬದಿ ಸವೆದರೆ ಪ್ರತಿ ಗುಂಡೂ ಹೊರಡುವಾಗಲೇ ಓರೆಯಾಗುತ್ತದೆ. ಮೂತಿಯಿಂದ ರಾಡ್ ತುರುಕಿ ತುರುಕಿ ಗುರಿ ಕೆಡಿಸಿಕೊಂಡ ಕೋವಿಗಳಿಗೆ ಲೆಕ್ಕವಿಲ್ಲ. ನಾನೂ ಸಾಚಾ ಅಲ್ಲ. ಸೇರಿದ ಹೊಸದರಲ್ಲಿ, ಬೇಗ ಮುಗಿಸಿ ಊಟದ ಸಾಲಿಗೆ ಓಡುವ ಆತುರದಲ್ಲಿ, ಜೋಡಿಸುವ ರಾಡಿಗೆ ಅಳತೆ ಮೀರಿದ ಚಿಂದಿ ಸುತ್ತಿ ಮೂತಿಯಿಂದ ನೂಕಿದೆ. ಅದು ಅರ್ಧದಲ್ಲಿ ಕಚ್ಚಿಕೊಂಡಿತು. ಎಳೆದರೆ ರಾಡಿನ ತಿರುಪು ಬಿಚ್ಚಿಕೊಂಡು ಅರ್ಧ ತುಂಡು ಒಳಗೇ ಉಳಿಯಿತು. ಉಸ್ತಾದ್ ಬೈಯಲಿಲ್ಲ. ಇಡೀ ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಣ್ಣೆ ಬಿಟ್ಟು ಬಿಟ್ಟು, ತಾವೇ ಅದನ್ನು ಹೊರತೆಗೆದರು. ಒಂದೇ ತುಂಡಿನ ರಾಡ್ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಸೀಮೆಎಣ್ಣೆಯ ಚಿಂದಿ ಎರಡು ಮೂರು ಸಲ ಹಿಂದಿನಿಂದ ತಳ್ಳಿ, ಮೂತಿಯಲ್ಲಿ ಹೊರಬಂದೊಡನೆ ಚಿಂದಿ ತೆಗೆದುಹಾಕಿ, ಬರಿಯ ರಾಡನ್ನು ಹಿಂದಕ್ಕೆ ಎಳೆಯಿರಿ. ಕೊಳೆಯಾದ ಚಿಂದಿಯನ್ನು ಹಿಂದಕ್ಕೆಳೆದರೆ ತೆಗೆದ ಹೊಲಸನ್ನು ಮತ್ತೆ ಒಳಗೇ ಬಳಿದಂತೆ. ಕಾಲು ಗಂಟೆ ನೆನೆಯಲು ಬಿಡಿ. ಬ್ರಷ್ಷನ್ನು ನಾಲ್ಕೈದು ಬಾರಿ ಆಡಿಸಿದರೆ ಸಾಕು. ನಡುವೆ ದಿಕ್ಕು ಬದಲಿಸದೆ ಪೂರ್ತಿ ಹೊರಗೆ ಬರುವವರೆಗೂ ತಳ್ಳಬೇಕು, ಇಲ್ಲದಿದ್ದರೆ ಬಿರುಗೂದಲು ಒಳಗೇ ಮಡಚಿಕೊಳ್ಳುತ್ತದೆ. ಆಮೇಲೆ ಒಣ ಚಿಂದಿ, ಒಂದರ ಹಿಂದೆ ಒಂದು. ಮೊದಲು ಕಂದು, ಆಮೇಲೆ ಬೂದು, ಕೊನೆಗೆ ಬಟ್ಟೆಯದೇ ಬಣ್ಣ. ಇಷ್ಟು ಚಿಂದಿ ಅಂತ ಲೆಕ್ಕ ಹೇಳಲಾರೆ. ತಾಮ್ರ ಕರಗಿಸುವ ಕಟುವಾಸನೆಯ ದ್ರಾವಣಗಳನ್ನು ಯಾರಾದರೂ ಮಾರಲು ಬಂದರೆ ಈಗ ಬೇಡ ಅನ್ನಿ. ಗುಂಡಿನ ತಾಮ್ರ ಅಂಟುವಷ್ಟು ನೀವಿನ್ನೂ ಹೊಡೆದೇ ಇಲ್ಲ.

ಈಗ ಹಿಂದಿನಿಂದ ಕಣ್ಣಿಟ್ಟು, ಮೂತಿಯ ಕಡೆ ಬಿಳಿ ಕಾಗದ ಹಿಡಿದು, ಅದಕ್ಕೆ ಟಾರ್ಚ್ ಬಿಡಿ. ಚಕ್ಕುಲಿ ಒರಳಿನಿಂದ ಹಿಟ್ಟು ತಿರುಗಿ ಬರುವ ಹಾಗೆ ಒಳಗಿನ ಗೆರೆಗಳು ಮೂತಿಯವರೆಗೂ ಸುತ್ತಿಕೊಂಡು ಹೋಗುವುದು ಕಾಣಬೇಕು. ಎಲ್ಲಾದರೂ ಉಂಗುರದಂಥ ನೆರಳು, ಕಪ್ಪು ಚುಕ್ಕೆ, ಕೂದಲಿನಂಥ ನಾರು ಕಂಡರೆ ಮತ್ತೊಂದು ಚಿಂದಿ. ಹೋಗದ ಚುಕ್ಕೆ ತುಕ್ಕಾಗಿರಬಹುದು. ಹೊಸ ಕೋವಿಗೆ ಅದು ಇರಬಾರದು. ಹೊಡೆಯುವ ಮೊದಲೇ ಅಂಗಡಿಯವರಿಗೆ ತೋರಿಸಿ, ಹೊಡೆದ ಮೇಲೆ ನಿಮ್ಮ ಮಾತು ನಡೆಯುವುದಿಲ್ಲ.

ಹೊರತೆಗೆದ ಬೋಲ್ಟನ್ನು ಬಿಚ್ಚದೆ, ಅದರ ಮೂತಿ ಕೆಳಗೆ ಮಾಡಿ, ಸಂದುಗಳಿಂದ ಸೀಮೆಎಣ್ಣೆ ಬಿಟ್ಟು ತೊಳೆಯಿರಿ. ಬಣ್ಣವಿಲ್ಲದೆ ತೊಟ್ಟಿಕ್ಕುವವರೆಗೂ ಬಿಡಬೇಕು. ರಾತ್ರಿಯಿಡೀ ಕಾಗದದ ಮೇಲೆ ನಿಲ್ಲಿಸಿದರೆ ಒಳಗೆ ಉಳಿದದ್ದು ಇಳಿಯುತ್ತದೆ. ಸೂಜಿಯ ದಾರಿ ಒಣಗಿರಲಿ. ಹಿಂಬದಿಯ ಲಗ್‌ಗಳಿಗೆ ಮಾತ್ರ ಬೆರಳ ತುದಿಯಲ್ಲಿ ಸೋಕುವಷ್ಟು ಗ್ರೀಸು. ಟ್ರಿಗರಿನ ಭಾಗಕ್ಕೆ ಎಣ್ಣೆ ಸುರಿಯಬೇಡಿ, ಧೂಳು ಕೂತು ಒಂದು ವರ್ಷದಲ್ಲಿ ಕೆಸರಾಗುತ್ತದೆ.

ಎಣ್ಣೆಯ ವಿಷಯಕ್ಕೆ ಒಂದು ಮಾತು. ಕೊಬ್ಬರಿ ಎಣ್ಣೆ ಹಚ್ಚುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲಿ ವರ್ಷದ ಬಹುಪಾಲು ಬೆಳಗ್ಗೆ ಅದು ಗಟ್ಟಿಯೇ. ದಿನ ಕಳೆದಂತೆ ಕಮಟು ಬೇರೆ. ಅಡುಗೆಯ ಯಾವ ಎಣ್ಣೆಯೂ ಬೇಡ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಮರದ ಭಾಗಕ್ಕೆ ಅಗಸೆ ಎಣ್ಣೆ ತಿಕ್ಕುವುದಾದರೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ತಂತಿಯ ಮೇಲೆ ಹರಡಿ ಒಣಗಿಸಿ.

ಅಂದಹಾಗೆ, ಈ .315 ಅನ್ನುವ ವಿಚಿತ್ರ ಅಳತೆ ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಸೈನ್ಯದ .303 ತೋಟಾ ಹೊರಗಿನವರ ಕೋವಿಗೆ ಹೊಂದಬಾರದೆಂದು ಬ್ರಿಟಿಷರು ಆ ಅಳತೆಯನ್ನೇ ಸಾಮಾನ್ಯರಿಗೆ ನಿಷೇಧಿಸಿದರು. ಆಗ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಮಾನ್‌ಲಿಷರ್ ತೋಟಾ ಇಲ್ಲಿ .315 ಎಂಬ ಹೆಸರಿನಲ್ಲಿ ನೆಲೆಯಾಯಿತು. ಆಸ್ಟ್ರಿಯಾದ ತೋಟಾ, ಇಂಗ್ಲೆಂಡಿನ ಬೋಲ್ಟ್, ಬಂಗಾಳದ ಕಾರ್ಖಾನೆ, ಕೊಡಗಿನ ಮನೆ! ನಿಮಗೆ ಇದರಿಂದ ಆಗಬೇಕಾದ್ದು ಇಷ್ಟೇ: ಬ್ರಷ್ ಕೊಳ್ಳುವಾಗ .303ರದು ಕೊಡುತ್ತಾರೆ, ಅದು ಸಡಿಲವಾಗುತ್ತದೆ. 8 ಮಿಲಿಮೀಟರಿನದೇ ಕೇಳಿ. ತೋಟಾವನ್ನೂ ಪೆಟ್ಟಿಗೆಯ ಮೇಲಿನ ಅಳತೆ ಓದಿಯೇ ತನ್ನಿ. ಯಾರೋ ಅಜ್ಜನ ಕಾಲದ್ದೆಂದು ಕೊಟ್ಟರೆ ಹೊಸ ನಳಿಗೆಗೆ ಹಾಕಬೇಡಿ. ಹಳೆಯ ಕೆಲವು ತೋಟಾಗಳ ಬುಡದಲ್ಲಿರುವ, ಮದ್ದು ಹೊತ್ತಿಸುವ ಕೇಪು ಸಿಡಿದಾಗ ಉಪ್ಪಿನಂಥ ಶೇಷ ಉಳಿಯುತ್ತದೆ, ಎಣ್ಣೆಗೆ ಅದು ಕರಗುವುದಿಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿ ಸಾಕು, ನಳಿಗೆ ಕೆಂಪಗಾಗಲು. ಹೊಡೆದೇಬಿಟ್ಟಿದ್ದರೆ ಅಂದೇ ಕುದಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ.

ಹೊಡೆಯುವ ದಿನ ನಳಿಗೆಯೂ ಚೇಂಬರೂ ಪೂರ್ತಿ ಒಣಗಿರಬೇಕು. ಹಿಂದಿನ ವಾರ ಎಣ್ಣೆ ಹಚ್ಚಿಟ್ಟಿದ್ದರೆ ಆ ಬೆಳಗ್ಗೆ ಎರಡು ಒಣ ಚಿಂದಿ ಓಡಿಸಿ. ಮೊದಲ ತೋಟಾವನ್ನು ಸ್ಪರ್ಧೆಯ ತೆಂಗಿನಕಾಯಿಗೆ ಹೊಡೆಯಬೇಡಿ. ಹಿಂದೆ ಮಣ್ಣಿನ ದಿಬ್ಬ ಇರುವ ಗುರಿಯ ಜಾಗದಲ್ಲಿ, ಊರಲ್ಲಿ ಅನುಭವ ಇರುವ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ತೋಟಾ ಹಾಕಿ ಹೊಡೆಯಿರಿ. ಪ್ರತಿ ಸಲ ಖಾಲಿ ತೋಟಾ ಎತ್ತಿ ನೋಡಿ. ಬಾಯಿ ಸೀಳಿದ್ದರೆ, ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ ಕಂಡರೆ, ಬೋಲ್ಟ್ ಎತ್ತಲು ಕಷ್ಟವಾದರೆ, ಅಲ್ಲಿಗೇ ನಿಲ್ಲಿಸಿ. ಒರೆಸಿದ ನಳಿಗೆಯಿಂದ ಹೊರಡುವ ಮೊದಲ ಒಂದೆರಡು ಗುಂಡು ಬೇರೆಡೆಗೆ ಹೋಗುವುದು ಸಹಜ. ಅಷ್ಟಕ್ಕೇ ಗುರಿ ನೋಡುವ ಸೈಟ್ ತಿರುಗಿಸಲು ಹೊರಡಬೇಡಿ. ಒಂದು ಗುಂಡಿಗೊಮ್ಮೆ ಒರೆಸಿ ಹೊಸ ನಳಿಗೆಯನ್ನು ಪಳಗಿಸಬೇಕು ಎಂಬ ವಾದವೂ ಇದೆ. ಪಂದ್ಯದ ಬೆಲೆಬಾಳುವ ನಳಿಗೆಗಳಿಗೆ ಅದು ಇರಲಿ. ನಿಮ್ಮ ಕೋವಿಗೆ ಆ ಶ್ರಮದಿಂದ ಬರುವುದು ರಾಡಿನ ಸವೆತ ಮಾತ್ರ ಎಂದು ನನ್ನ ಅಭಿಪ್ರಾಯ.

ಅದೇ ಸ್ಪರ್ಧೆಗೆ .22 ಅಥವಾ ಏರ್‌ಗನ್ ಇರುವ ಮಕ್ಕಳು ಮನೆಯಲ್ಲಿದ್ದರೆ: .22ಕ್ಕೂ ಮೊದಲ ಸಲ ಇದೇ ಕ್ರಮ, ಆಮೇಲೆ ಅಪರೂಪಕ್ಕೆ ಒರೆಸಿದರೆ ಸಾಕು. ಏರ್‌ಗನ್ನಿನ ಗಾಳಿ ಅದುಮುವ ಭಾಗಕ್ಕೆ ಸೀಮೆಎಣ್ಣೆ, ಸಾಧಾರಣ ಎಣ್ಣೆ ಹಾಕಲೇಬಾರದು. ಗಾಳಿಯ ಒತ್ತಡಕ್ಕೆ ಅದು ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ.

ಹಬ್ಬದ ಸಂಭ್ರಮಕ್ಕೆ ಆಕಾಶಕ್ಕೆ ಹೊಡೆಯುವ ಯೋಚನೆ ಇದ್ದರೆ ಬಿಡಿ. ರೈಫಲ್ ಗುಂಡು ಮೇಲೆ ಹೋಗಿ ಕರಗುವುದಿಲ್ಲ, ಯಾರದೋ ಲೈನ್‌ಮನೆಯ ಹೆಂಚಿನ ಮೇಲೆ ಇಳಿಯುತ್ತದೆ. ಸಂಭ್ರಮಕ್ಕೆ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೊಡಗಿನಲ್ಲಿ ನಮಗೆ ಇರುವ ಕೋವಿ ಲೈಸೆನ್ಸ್ ವಿನಾಯಿತಿ ಇಂಥದ್ದಕ್ಕೆ ಅಲ್ಲ.

ಹೊಡೆದ ಸಂಜೆಯೇ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಮೊದಲ ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಹೆಚ್ಚಾದ ಎಣ್ಣೆ ಮರಕ್ಕೆ ಇಳಿಯುವ ಬದಲು ಬಟ್ಟೆಗೆ ಇಳಿಯುತ್ತದೆ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಕೊಂಡೊಯ್ಯಲು ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳೊಳಗೆ ಇಟ್ಟರೆ ನೀರಿನಲ್ಲಿ ಇಟ್ಟಂತೆಯೇ. ಬೀಗದ ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ.

ಪೂಜೆಯ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶುಚಿ ಮಾಡುವ ಕೆಲಸ ಪೂಜೆಗಿಂತ ಮೊದಲೇ ಮುಗಿದಿರಲಿ. ಗಂಧ, ಕುಂಕುಮವನ್ನು ಮರದ ಹಿಡಿಗೆ ಹಚ್ಚಿ. ನೀರಿನಲ್ಲಿ ಕಲಸಿದ ಗಂಧ ಲೋಹದ ಮೇಲೆ ಒಂದು ದಿನ ಕೂತರೆ ಅದರಡಿ ಕಲೆ ಬೀಳುತ್ತದೆ. ತೋಕ್ ಪೂ, ಅಂದರೆ ಕೋವಿ ಹೂವನ್ನು ಮೂತಿಗೆ ಸಿಕ್ಕಿಸುವ ರೂಢಿ ನನಗೂ ಇಷ್ಟ. ಕೋವಿಗೆ ಅದರಷ್ಟು ಒಪ್ಪುವ ಹೂ ಬೇರೊಂದಿಲ್ಲ. ಆದರೆ ಆ ತೊಟ್ಟು ಹಸಿ, ಮುರಿಯುತ್ತದೆ. ಹೊರಗೆ ತೆಗೆದ ಹೂವಿಗೆ ತೊಟ್ಟು ಪೂರ್ತಿ ಇದೆಯೇ ನೋಡಿ. ಬೋಲ್ಟ್ ಹೊರಗೆಳೆದು ಹಿಂದಿನಿಂದ ಕಣ್ಣಿಡಿ, ಒಂದು ಒಣ ಚಿಂದಿ ಓಡಿಸಿ. ಆಚೆ ತುದಿಯಲ್ಲಿ ಬೆಳಕು ದುಂಡಗೆ ಕಂಡರೆ ಬೋಲ್ಟ್ ಹಾಕಿ, ತೆಂಗಿನಕಾಯಿ ಕಟ್ಟಿದ ಕಡೆಗೆ ಹೊರಡಿ.